ಏನೇನು ಕುಡೀತೀರಿ?

ಏಪ್ರಿಲ್ ಮುಗಿಯುವ ಹೊತ್ತಿಗೆ ಕಾರವಾರದಲ್ಲಿ ಎಲ್ಲರ ಮೋರೆಯೂ ಒಂದಿಷ್ಟು ಕೆಂಪಾಗಿಯೇ ಇರುತ್ತದೆ. ಹಾಗಾಗಿ ಮೊದಲ ಎರಡು ವರ್ಷ ನನಗೆ ಅನುಮಾನವೇ ಬರಲಿಲ್ಲ. ಸೆಖೆ, ಬೆವರು, ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಬಿಸಿಲಲ್ಲಿ ನಡಿಗೆ, ಇಷ್ಟೆಲ್ಲ ಇದ್ದಮೇಲೆ ಮುಖ ಉರಿಯದೇ ಇರುತ್ತದಾ ಅಂದುಕೊಂಡಿದ್ದೆ. ಮಳೆ ಶುರುವಾಯಿತು, ಎಲ್ಲರ ಮುಖ ತಣ್ಣಗಾಯಿತು, ನನ್ನದು ಆಗಲಿಲ್ಲ. ಜುಲೈ ತಿಂಗಳ ಧೋ ಎನ್ನುವ ಮಳೆಯಲ್ಲಿ ಕೊಡೆ ಹಿಡಿದು, ಮೊಣಕಾಲಿನವರೆಗೆ ಒದ್ದೆಯಾಗಿ ಸ್ಟಾಫ್ ರೂಮಿಗೆ ಬಂದು ಕೂತರೂ ಎರಡು ಕೆನ್ನೆ ಮತ್ತು ಮೂಗಿನ ತುದಿ ಮಾತ್ರ, ಹಸಿಮೆಣಸು ಹೆಚ್ಚಿದ ಕೈಯಲ್ಲಿ ಮುಟ್ಟಿಕೊಂಡ ಹಾಗೆ ಉರಿಯುತ್ತಿದ್ದವು.

ನಾನು ಬೆಳ್ಳಗಿನವನಲ್ಲ. ನಮ್ಮಂಥ ಚರ್ಮದಲ್ಲಿ ಕೆಂಪು ಅಂದರೆ ಟೊಮೆಟೊ ಕೆಂಪಲ್ಲ, ತಿಕ್ಕದೆ ಬಿಟ್ಟ ತಾಮ್ರದ ಹಂಡೆಯ ಬಣ್ಣ. ನೋಡುವವರಿಗೆ ಕಾಣುವುದು ಕಡಿಮೆ, ಹೊತ್ತುಕೊಂಡವನಿಗೆ ಉರಿ ಜಾಸ್ತಿ. ಅದಕ್ಕೇ ಆಳಿಗೊಂದು ಮಾತು. ಹೆಂಡತಿ ಬಂಗು ಅಂದಳು. ಶಿರಸಿಯಿಂದ ಬಂದಿದ್ದ ಆಯಿ "ಅಪಿ, ಮೋರೆ ಎಂತಕ್ಕೆ ಹಿಂಗೆ ಕೆಂಪಾಯ್ದು?" ಅಂತ ಕೇಳಿ, ಪಿತ್ತ ಅಂತ ತಾನೇ ತೀರ್ಮಾನ ಮಾಡಿ, ಮುರುಗಲು ಪಾನಕ ಮಾಡಿ ಕುಡಿಸಿದಳು. ಪಿ.ಟಿ. ಮಾಸ್ತರ್ರು ಬಿಪಿ ಚೆಕ್ ಮಾಡಿಸಿ ಅಂದರು. ಮಾಡಿಸಿದೆ, ಸರಿಯಾಗಿಯೇ ಇತ್ತು.

ಇನ್ನೊಂದು ಮಾತು ಬಂದದ್ದು ಪಾಲಕರ ಸಭೆಯಲ್ಲಿ. ಇಬ್ಬರು ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತು, ಈ ಘಟ್ಟದ ಮೇಲಿನ ಮಾಸ್ತರಿಗೆ ಕೊಂಕಣಿ ಎಲ್ಲಿ ತಿಳಿಯುತ್ತದೆ ಅಂದುಕೊಂಡು, ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು: ಇವರು ಕುಡೀತಾರೆ, ಮುಖ ನೋಡಿದರೆ ಗೊತ್ತಾಗಲ್ವಾ. ಹನ್ನೆರಡು ವರ್ಷ ಕಾರವಾರದಲ್ಲಿದ್ದವನಿಗೆ ಅಷ್ಟು ಕೊಂಕಣಿ ತಿಳಿಯದೇ ಇರುತ್ತದಾ. ಆಗ ಬೆಳಿಗ್ಗೆ ಹತ್ತೂವರೆ. ನಾನು ಅವತ್ತು ಕುಡಿದಿದ್ದು ಎರಡು ಲೋಟ ಚಾ, ಅಷ್ಟೆ. ಸಿಟ್ಟು ಬಂತು. ಸಿಟ್ಟು ಬಂದ ಕೂಡಲೇ ಮುಖ ಇನ್ನಷ್ಟು ಕೆಂಪಾಯಿತು ಅನ್ನೋದು ಬೇರೆ ಮಾತು.

ಆದರೆ ಆ ಮಾತು ಅಷ್ಟು ಚುಚ್ಚಿದ್ದು ಪೂರ್ತಿ ಸುಳ್ಳಾಗಿದ್ದರಿಂದ ಅಲ್ಲ. ಶನಿವಾರ ನಾನು ಕುಡಿಯುತ್ತಿದ್ದೆ. ಮನೆಯಲ್ಲಿ ಹೆಂಡತಿಗೆ ಗೊತ್ತು, ಶಿರಸಿಯಲ್ಲಿ ಯಾರಿಗೂ ಗೊತ್ತಿಲ್ಲ. ಮೂರ್ನಾಲ್ಕು ಜನ ಗೆಳೆಯರು, ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ, ಅಲ್ಲಿಂದ ಮುಂದೆ ಪೋಳೆಂ ಅಂದರೆ ಗೋವಾ. ಅರ್ಧ ಗಂಟೆಯ ದಾರಿ. ಗಡಿ ಪಕ್ಕದಲ್ಲಿ ಇರುವವರಿಗೆ ಇದು ಪ್ರವಾಸ ಅಲ್ಲ, ಸಂಜೆಯ ವಾಕಿಂಗ್ ಇದ್ದ ಹಾಗೆ.

ಡಾಕ್ಟರ ಹತ್ತಿರ ಹೋಗುವ ಬದಲು ಮೆಡಿಕಲ್ ಶಾಪಿಗೆ ಹೋದೆ. ಇದು ನಾನು ಮಾಡಿದ ದೊಡ್ಡ ದಡ್ಡತನ. ಅಂಗಡಿಯವನು ಮುಖ ನೋಡಿ ಒಂದು ಸಣ್ಣ ಟ್ಯೂಬ್ ಕೊಟ್ಟ. ನಾಲ್ಕೇ ದಿನದಲ್ಲಿ ಮುಖ ಮದುವೆ ಗಂಡಿನ ಹಾಗೆ ಆಯಿತು. ಬಿಟ್ಟ ವಾರದಲ್ಲಿ ಮೊದಲಿಗಿಂತ ಜೋರಾಗಿ ಉರಿ, ಸಣ್ಣ ಸಣ್ಣ ಗುಳ್ಳೆ. ಮತ್ತೆ ಹಚ್ಚಿದೆ, ಮತ್ತೆ ಸರಿಯಾಯಿತು, ಮತ್ತೆ ಬಿಟ್ಟೆ. ಹೀಗೆ ನಾಲ್ಕು ತಿಂಗಳು. ಅದರಲ್ಲಿದ್ದದ್ದು ಸ್ಟೆರಾಯ್ಡ್. ಅದು ರಕ್ತನಾಳಗಳನ್ನು ಬಿಗಿ ಮಾಡಿ ಕೆಂಪನ್ನು ಅಡಗಿಸುತ್ತದೆ, ಜೊತೆಗೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ನಿಲ್ಲಿಸಿದರೆ ನಾಳಗಳು ಮೊದಲಿಗಿಂತ ಅಗಲವಾಗಿ ತೆರೆದುಕೊಳ್ಳುತ್ತವೆ. ನಮ್ಮ ದೇಶದಲ್ಲಿ ಬೆಳ್ಳಗಾಗಲು ಅಂತ ಇಂಥ ಟ್ಯೂಬ್ ಹಚ್ಚಿ ಮುಖ ಕೆಡಿಸಿಕೊಂಡವರು ಎಷ್ಟು ಜನ ಇದ್ದಾರೆ ಅಂದರೆ, ಚರ್ಮದ ಡಾಕ್ಟರುಗಳು ಅದಕ್ಕೆ 'ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್' ಅಂತ ಬೇರೆ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟೆರಾಯ್ಡ್ ಔಷಧಗಳ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿತು. ನನಗೆ ಕೊಟ್ಟದ್ದು ಅದಾದ ಮೇಲೆ. ಚೀಟಿ ಅವನೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಕೊನೆಗೆ ಹುಬ್ಬಳ್ಳಿಗೆ ಹೋದೆ. ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಬಸ್ಸಿನಲ್ಲಿ ನಾಲ್ಕು ತಾಸು. ಡಾಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ಮುಖವನ್ನು ಒಂದು ಸಣ್ಣ ಲೈಟಿನ ಮಸೂರದಲ್ಲಿ ನೋಡಿದರು, ಮೂಗಿನ ಪಕ್ಕದ ಚರ್ಮ ಹಿಗ್ಗಿಸಿ ನೋಡಿದರು, ಕಣ್ಣಲ್ಲಿ ಮರಳು ಹೊಕ್ಕ ಹಾಗೆ ಆಗುತ್ತದಾ ಅಂತ ಕೇಳಿದರು. ಆಗುತ್ತಿತ್ತು. ಆಮೇಲೆ ಪೆನ್ನು ಎತ್ತಿಕೊಂಡು ಕೇಳಿದರು:

"ಏನೇನು ಕುಡೀತೀರಿ?"

ನಾನು ತಕ್ಷಣ, ತಯಾರಾಗಿ ಬಂದವನ ಹಾಗೆ, "ಇಲ್ಲ ಮೇಡಂ, ಯಾವಾಗಲೋ ವರ್ಷಕ್ಕೊಮ್ಮೆ, ಯಾರದಾದರೂ ಮದುವೆ ಗಿದುವೆ ಇದ್ದರೆ" ಅಂದೆ.

ಅವರು ಕನ್ನಡಕದ ಮೇಲಿಂದ ನೋಡಿ, "ಚಾ, ಕಾಫಿ, ಕಷಾಯ ಎಲ್ಲ ಸೇರಿಸಿ ಕೇಳಿದ್ದು ಮಾಸ್ತರ್ರೇ" ಅಂದರು.

ಕನ್ನಡದಲ್ಲಿ ಇದೊಂದು ತಮಾಷೆ. ನೀರು ಕುಡಿದರೂ ಕುಡಿಯೋದೇ, ಮಜ್ಜಿಗೆ ಕುಡಿದರೂ ಕುಡಿಯೋದೇ, ಆದರೆ ಮುಂದೆ ಏನೂ ಹಾಕದೆ 'ಅವನು ಕುಡೀತಾನೆ' ಅಂದರೆ ಮುಗಿಯಿತು, ಅವನ ಮಗಳ ಮದುವೆಗೂ ಅದು ಅಡ್ಡ ಬರುತ್ತದೆ.

ಕಾಯಿಲೆಯ ಹೆಸರು ರೊಸೇಶಿಯಾ. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ, ಇದ್ದರೂ ನಾನು ಕೇಳಿಲ್ಲ. ಮುಖದ ನಡುಭಾಗ, ಅಂದರೆ ಕೆನ್ನೆ, ಮೂಗು, ಗದ್ದ, ಹಣೆ, ಇಷ್ಟರಲ್ಲಿ ಬರುತ್ತದೆ. ಮೊದಲು ಆಗಾಗ ಕೆಂಪೇರಿ ಇಳಿಯುತ್ತದೆ, ಆಮೇಲೆ ಇಳಿಯುವುದನ್ನು ಮರೆಯುತ್ತದೆ. ಸಣ್ಣ ರಕ್ತನಾಳಗಳು ದಾರದ ಹಾಗೆ ಕಾಣತೊಡಗುತ್ತವೆ, ಕೆಲವರಿಗೆ ಮೊಡವೆ ಥರದ ಗುಳ್ಳೆ, ಕೆಲವರಿಗೆ ಕಣ್ಣಿಗೂ ಬರುತ್ತದೆ. ಸಾಮಾನ್ಯವಾಗಿ ಮೂವತ್ತು ದಾಟಿದವರಿಗೆ. ಯಾಕೆ ಬರುತ್ತದೆ ಅಂದರೆ ಒಂದೇ ಕಾರಣ ಇಲ್ಲ. ಮನೆತನ, ನರ ಮತ್ತು ರಕ್ತನಾಳಗಳ ಸೂಕ್ಷ್ಮ, ಚರ್ಮದ ರೋಗನಿರೋಧಕ ವ್ಯವಸ್ಥೆ ಸಣ್ಣ ಕಾರಣಕ್ಕೂ ರೊಚ್ಚಿಗೇಳುವುದು, ಇವೆಲ್ಲ ಸೇರಿ. ಜೊತೆಗೆ ಡೆಮೊಡೆಕ್ಸ್ ಅಂತ ಕಣ್ಣಿಗೆ ಕಾಣದ ಹುಳ. ಅದು ದೊಡ್ಡವರೆಲ್ಲರ ಮುಖದಲ್ಲೂ ಇರುವಂಥದ್ದೇ, ರೊಸೇಶಿಯಾ ಇದ್ದವರಲ್ಲಿ ಜಾಸ್ತಿ ಇರುತ್ತದೆ. ಅದಕ್ಕೆ ಬರೆದುಕೊಟ್ಟ ಮುಲಾಮು ಐವರ್‌ಮೆಕ್ಟಿನ್. ನಮ್ಮ ಕೊಟ್ಟಿಗೆಯಲ್ಲಿ ದನಗಳ ಉಣುಗಿಗೆ ಕೊಡಿಸುತ್ತಿದ್ದ ಇಂಜೆಕ್ಷನ್ನಿನಲ್ಲಿ ಇದ್ದದ್ದೂ ಅದೇ. ಆಯಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕಳು.

ಪೂರ್ತಿ ಗುಣವಾಗುವ ಕಾಯಿಲೆ ಅಲ್ಲ, ಹದ್ದುಬಸ್ತಿನಲ್ಲಿ ಇಡಬಹುದು, ಅಂದರು ಡಾಕ್ಟರ್. ಯಾವುದು ಕೆಣಕುತ್ತದೆ ಅಂತ ಕಂಡುಹಿಡಿದುಕೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು. ಬಿಸಿಲು, ಸೆಖೆ, ಖಾರ, ಬಿಸಿ ಪಾನೀಯ, ಸಿಟ್ಟು, ಮದ್ಯ. ಮದ್ಯ ಅಂದಾಗ ಅವರು ನನ್ನ ಮುಖ ನೋಡಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

ಊರಿಗೆ ಬರುವ ಬಸ್ಸಿನಲ್ಲಿ ಮೊಬೈಲಿನಲ್ಲಿ ಓದುತ್ತಾ ಬಂದೆ. ಒಂದು ಸಾಲು ಸಿಕ್ಕಿತು: ರೊಸೇಶಿಯಾ ಕುಡಿತದಿಂದ ಬರುವ ಕಾಯಿಲೆ ಅಲ್ಲ, ಒಂದು ಹನಿ ಮುಟ್ಟದವರಿಗೂ ಬರುತ್ತದೆ. ಆ ಸಾಲನ್ನು ಹೆಂಡತಿಗೆ ಕಳಿಸಿದೆ. ಪಿ.ಟಿ. ಮಾಸ್ತರ್ರಿಗೆ ಕಳಿಸಿದೆ. ಸಾಧ್ಯವಿದ್ದರೆ ಆ ಇಬ್ಬರು ಪಾಲಕರಿಗೂ ಕಳಿಸುತ್ತಿದ್ದೆ. ಹೆಂಡತಿ ಆ ಪುಟ ತೆರೆದು ಪೂರ್ತಿ ಓದಿದಳು, ಇದು ಅವಳ ಕೆಟ್ಟ ಅಭ್ಯಾಸ. ರಾತ್ರಿ ಊಟಕ್ಕೆ ಕೂತಾಗ "ಅದರ ಕೆಳಗೆ ಇನ್ನೂ ಒಂದು ಸಾಲು ಇತ್ತಲ್ಲ?" ಅಂದಳು. ಇತ್ತು. ಇದ್ದವರಿಗೆ ಮದ್ಯದಿಂದ ಜಾಸ್ತಿಯಾಗುತ್ತದೆ ಅಂತ.

ಆರು ತಿಂಗಳು ನಾನು ಮೇಲಿನ ಸಾಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಕೆಳಗಿನದನ್ನು ಕಂಡೂ ಕಾಣದ ಹಾಗೆ ಇದ್ದೆ. ಯಾರೋ ಸುಳ್ಳು ಆರೋಪ ಹೊರಿಸಿದರೆ, ಅದರಲ್ಲಿ ಎಳ್ಳಷ್ಟು ನಿಜ ಇದ್ದರೂ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಶನಿವಾರ ಕುಡಿದು ಭಾನುವಾರ ಮುಖ ಉರಿದರೆ ನಿನ್ನೆ ಬಿಸಿಲು ಜಾಸ್ತಿ ಇತ್ತು ಅನ್ನುತ್ತಿದ್ದೆ. ಮೀನಿನ ಖಾರ ಅನ್ನುತ್ತಿದ್ದೆ. ಒಮ್ಮೆಯಂತೂ ಬಂಗಡೆಯ ಮೇಲೆ ಹಾಕಿದೆ. ಅದು ಪೂರ್ತಿ ಸುಳ್ಳು ನೆಪ ಏನಲ್ಲ. ಬಂಗಡೆ ಥರದ ಮೀನನ್ನು ಮಂಜುಗಡ್ಡೆಯಲ್ಲಿ ಸರಿಯಾಗಿ ಇಡದಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಮುಖ ಕೆಂಪೇರಿ ತಲೆ ಸಿಡಿಯುತ್ತದೆ. ಆದರೆ ಕಾರವಾರದ ಮಾರ್ಕೆಟಿನಲ್ಲಿ ಬೆಳಿಗ್ಗೆ ತಂದ ತಾಜಾ ಬಂಗಡೆಗೆ ಆ ಅಪವಾದ ಹೊರಿಸಿದ್ದು ತಪ್ಪು, ನನ್ನ ಮೇಲೆ ಆ ಹೆಂಗಸರು ಹೊರಿಸಿದ ಹಾಗೇ.

ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು ನಾನು. ಒಂದು ಪ್ರಯೋಗದಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಬೇಕು ಅಂತ ಒಂಬತ್ತನೇ ತರಗತಿಗೆ ವರ್ಷಾ ವರ್ಷಾ ಹೇಳುತ್ತೇನೆ. ಒಂದು ದಿನ ಬೋರ್ಡಿನ ಮುಂದೆ ನಿಂತು ಅದನ್ನೇ ಹೇಳುತ್ತಿದ್ದಾಗ ನನಗೇ ನಾಚಿಕೆಯಾಯಿತು. ಸಂಜೆ ಒಂದು ನೂರು ಪುಟದ ನೋಟ್‌ಬುಕ್ ತಂದೆ.

ಮೊದಲು ಚಾ. ಶಾಲೆಯಲ್ಲಿ ದಿನಕ್ಕೆ ಮೂರು ಲೋಟ, ಹೊಗೆಯಾಡುವಾಗಲೇ ಕುಡಿದರೆ ಮಾತ್ರ ಅದು ಚಾ ಅನ್ನುವ ಜಾತಿ ನನ್ನದು. ಕುಡಿದ ಹತ್ತು ನಿಮಿಷಕ್ಕೆ ಉರಿ, ಅರ್ಧ ತಾಸು ಇರುತ್ತಿತ್ತು. ಚಾ ಬಿಡಬೇಕಾಗುತ್ತದೇನೋ ಅಂತ ಅಳುವೇ ಬಂದಿತ್ತು. ಆಮೇಲೆ ಓದಿದೆ: 1981ರಲ್ಲೇ ವಿಲ್ಕಿನ್ ಅನ್ನುವ ಅಮೆರಿಕದ ಡಾಕ್ಟರ್ ಒಬ್ಬರು ಇದನ್ನು ಪರೀಕ್ಷೆ ಮಾಡಿದ್ದರು. ರೊಸೇಶಿಯಾ ಇದ್ದವರಿಗೆ 60 ಡಿಗ್ರಿಯ ಕಾಫಿ ಕೊಟ್ಟರು, ಮುಖ ಕೆಂಪೇರಿತು. 60 ಡಿಗ್ರಿಯ ಬರೀ ನೀರು ಕೊಟ್ಟರು, ಆಗಲೂ ಕೆಂಪೇರಿತು. ಕಾಫಿಯನ್ನೇ 22 ಡಿಗ್ರಿಗೆ ಆರಿಸಿ ಕೊಟ್ಟರು, ಏನೂ ಆಗಲಿಲ್ಲ. ಬರೀ ಕೆಫೀನ್ ಕೊಟ್ಟರು, ಏನೂ ಆಗಲಿಲ್ಲ. ಅಂದರೆ ತಪ್ಪು ಕಾಫಿಯದ್ದಲ್ಲ, ಬಿಸಿಯದ್ದು. ಎಷ್ಟು ಚೆಂದದ ಪ್ರಯೋಗ ನೋಡಿ! ನಾನು ಇದನ್ನು ತರಗತಿಯಲ್ಲೂ ಹೇಳಿದೆ, ಯಾಕೆ ಓದಿದೆ ಅಂತ ಹೇಳಲಿಲ್ಲ. 2018ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಂತೂ ಜಾಸ್ತಿ ಕಾಫಿ ಕುಡಿಯುವ ಹೆಂಗಸರಲ್ಲಿ ರೊಸೇಶಿಯಾ ಕಡಿಮೆಯೇ ಕಂಡಿತ್ತು. ಚಾ ಕುಡಿಯುವವರಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಈಗ ಸ್ಟಾಫ್ ರೂಮಿನಲ್ಲಿ ನನ್ನ ಲೋಟ ಕಿಟಕಿಯ ಕಟ್ಟೆ ಮೇಲೆ ಹದಿನೈದು ನಿಮಿಷ ಕೂರುತ್ತದೆ. ಆರಿದ ಚಾ ಕುಡಿಯುವವನನ್ನು ನಮ್ಮ ಕಡೆ ಮನುಷ್ಯ ಅಂತ ಲೆಕ್ಕ ಹಾಕುವುದು ಕಷ್ಟ, ಆದರೂ ಮುಖ ಸುಮ್ನೆ ಇರುತ್ತದೆ.

ಚಾ ಸುಲಭವಾಗಿತ್ತು. ಆಮೇಲಿನ ಪುಟಗಳು ಅಷ್ಟು ಸುಲಭ ಇರಲಿಲ್ಲ.

ಮೂರು ವಾರ ಏನೂ ಮುಟ್ಟಲಿಲ್ಲ. ಗೆಳೆಯರಿಗೆ ಮಾತ್ರೆ ನಡೀತಿದೆ ಅಂದೆ. ಮೂರನೇ ವಾರದ ಕೊನೆಗೆ ಕನ್ನಡಿಯಲ್ಲಿ ಮೂಗಿನ ಪಕ್ಕದ ಕೆಂಪು ಅರ್ಧ ಇಳಿದಿತ್ತು. ಮುಲಾಮಿನದ್ದೂ ಪಾಲು ಇರಬಹುದು, ಹಾಗಂತಲೇ ಬರೆದುಕೊಂಡೆ. ನಾಲ್ಕನೇ ಶನಿವಾರ ಮನೆಯಲ್ಲೇ, ಫ್ಯಾನಿನ ಕೆಳಗೆ, ಖಾರ ಇಲ್ಲದೆ, ಮೊಸರನ್ನದ ಜೊತೆ ಒಂದು ಬಿಯರ್. ಹೌದು, ಮೊಸರನ್ನ ಮತ್ತು ಬಿಯರ್. ವಿಜ್ಞಾನಕ್ಕಾಗಿ ಏನೆಲ್ಲ ಮಾಡಬೇಕಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಕೆನ್ನೆ ಬಿಸಿಯಾಯಿತು, ಮಧ್ಯರಾತ್ರಿಯ ಹೊತ್ತಿಗೆ ಇಳಿಯಿತು.

ಮುಂದಿನ ಸಲ ರಮ್. ಮಳೆಗಾಲದಲ್ಲಿ ನಮ್ಮಲ್ಲಿ ರಮ್ಮಿಗೆ ಬಿಸಿನೀರು ಹಾಕಿಕೊಳ್ಳುವುದು ರೂಢಿ. ಶೀತಕ್ಕೆ ಒಳ್ಳೆಯದು ಅಂತ ಒಂದು ಹೆಸರು ಬೇರೆ. ಬಿಸಿಯೂ ಇದೆ, ಮದ್ಯವೂ ಇದೆ, ಎರಡೂ ಒಟ್ಟಿಗೆ ಮುಖಕ್ಕೆ ಬಡಿದವು. ಉರಿ ಭಾನುವಾರ ಇಡೀ ದಿನ ಇತ್ತು, ಮಂಗಳವಾರ ಗದ್ದದ ಮೇಲೆ ಐದು ಗುಳ್ಳೆ. ಅದೇ ಅಳತೆಯ ರಮ್ಮನ್ನು ತಣ್ಣೀರಿನಲ್ಲಿ ಕುಡಿದ ವಾರ ಕೆಂಪು ಬಂತು, ಗುಳ್ಳೆ ಬರಲಿಲ್ಲ. ಆಮೇಲೆ ಒಂದು ಮಾರ್ಚಿನಲ್ಲಿ, ಪ್ರಯೋಗ ಗಿಯೋಗ ಎಲ್ಲ ಮರೆತು, ಗೆಳೆಯರ ಜೊತೆ ಗಡಿಯಾಚೆ ಉರಾಕ್ ಕುಡಿಯಲು ಹೋದೆ. ಉರಾಕ್ ಅಂದರೆ ಗೇರುಹಣ್ಣಿನ ರಸದ ಮೊದಲ ಬಟ್ಟಿ, ಫೆನ್ನಿಗಿಂತ ಮೆತ್ತಗೆ, ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ ಸಿಗುತ್ತದೆ. ಫೆನ್ನಿಗೆ 2009ರಲ್ಲೇ ಜಿಐ (ಭೌಗೋಳಿಕ ಗುರುತಿನ) ಪಟ್ಟ ಸಿಕ್ಕಿದೆ, ಆದರೆ ನನ್ನ ಕೇಳಿದರೆ ರುಚಿ ಉರಾಕಿನದ್ದೇ. ಲಿಮ್ಕಾ ಹಾಕಿ, ಉಪ್ಪು ಹಾಕಿ, ಒಂದು ಹಸಿಮೆಣಸು ಸೀಳಿ ಬಿಡುತ್ತಾರೆ. ಮಧ್ಯಾಹ್ನದ ಎರಡು ಗಂಟೆಯ ಬಿಸಿಲು, ತಗಡಿನ ಚಾವಣಿ, ಹುರಿದ ಮೀನು. ಬಿಸಿಲು, ಸೆಖೆ, ಖಾರ, ಮದ್ಯ, ಬಿಸಿ ಪಾನೀಯ ಬಿಟ್ಟರೆ ಡಾಕ್ಟರ ಪಟ್ಟಿಯಲ್ಲಿ ಉಳಿದದ್ದು ಸಿಟ್ಟು ಒಂದೇ. ಅದೂ ವಾಪಸ್ ಬರುವಾಗ ಕಾಳಿ ಸೇತುವೆಯ ಮೇಲೆ ಸಿಕ್ಕಿತು. 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಬಿದ್ದಮೇಲೆ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆ ಮೇಲೆ ಅಲ್ವಾ. ಆ ವಾರ ಮುಖ ಹೇಗಿತ್ತು ಅಂತ ನೋಟ್‌ಬುಕ್ಕಿನಲ್ಲಿ ಒಂದೇ ಪದ ಇದೆ, ಇಲ್ಲಿ ಬರೆಯುವ ಹಾಗಿಲ್ಲ.

ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ, ನಮ್ಮೆಲ್ಲರಿಗಿಂತ ಜಾಸ್ತಿ ಕುಡಿಯುವವನು. ಅವನ ಮುಖ ನೋಡಬೇಕು, ಎಳನೀರಿನಲ್ಲಿ ತೊಳೆದ ಹಾಗೆ. ಅವನನ್ನು ನೋಡಿ ಯಾರೂ ಏನೂ ಅನ್ನುವುದಿಲ್ಲ. ಅವನ ಲಿವರ್ ಏನನ್ನುತ್ತದೋ ಅದು ಬೇರೆ.

ಮದ್ಯ ಮುಖಕ್ಕೆ ಏನು ಮಾಡುತ್ತದೆ ಅಂದರೆ, ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಅಲ್ಲಿ ರಕ್ತ ಜಾಸ್ತಿ ಹರಿಯುತ್ತದೆ, ಬಿಸಿ ಎನಿಸುತ್ತದೆ, ಕೆಂಪಾಗುತ್ತದೆ. ಯಕೃತ್ತು ಮದ್ಯವನ್ನು ಒಡೆಯುವಾಗ ಮಧ್ಯದಲ್ಲಿ ಅಸಿಟಾಲ್ಡಿಹೈಡ್ ಅಂತ ಒಂದು ವಿಷದಂಥ ವಸ್ತು ಹುಟ್ಟುತ್ತದೆ, ಅದೂ ನಾಳಗಳನ್ನು ಹಿಗ್ಗಿಸುತ್ತದೆ. ಚೀನಾ, ಜಪಾನ್, ಕೊರಿಯಾದಲ್ಲಿ ಅನೇಕರಿಗೆ ಆ ವಸ್ತುವನ್ನು ಮುಂದೆ ಒಡೆಯುವ ಕಿಣ್ವ ಹುಟ್ಟಿನಿಂದಲೇ ದುರ್ಬಲ, ಅರ್ಧ ಗ್ಲಾಸಿಗೇ ಮುಖ ಕೆಂಪೇರುತ್ತದೆ. ಅದು ರೊಸೇಶಿಯಾ ಅಲ್ಲ, ಬೇರೆಯೇ ಲೆಕ್ಕ. ಉಳಿದವರಿಗೆ ಹಿಗ್ಗಿದ ನಾಳ ಸ್ವಲ್ಪ ಹೊತ್ತಿಗೆ ಕುಗ್ಗುತ್ತದೆ. ರೊಸೇಶಿಯಾ ಇದ್ದವನ ನಾಳ ಹಳೆಯ ರಬ್ಬರ್ ಬ್ಯಾಂಡಿನ ಹಾಗೆ. ಸಲ ಸಲಕ್ಕೂ ಹಿಗ್ಗಿ ಹಿಗ್ಗಿ, ಕೊನೆಗೆ ಹಿಗ್ಗಿಯೇ ಉಳಿಯುತ್ತದೆ.

ಇಷ್ಟು ಇದ್ದವರ ಮಾತಾಯಿತು. ಇಲ್ಲದವರಿಗೆ ಕುಡಿತದಿಂದ ಇದು ಶುರುವಾಗುತ್ತದಾ? ನನಗೆ ಬೇಕಿದ್ದ ಉತ್ತರ 'ಇಲ್ಲವೇ ಇಲ್ಲ'. ಸಿಕ್ಕಿದ್ದು ಅಷ್ಟು ಅಚ್ಚುಕಟ್ಟಾದ ಉತ್ತರ ಅಲ್ಲ. ಅಮೆರಿಕದ ನರ್ಸುಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಒಂದು ದೊಡ್ಡ ಅಧ್ಯಯನ ಇದೆ, 'ನರ್ಸಸ್ ಹೆಲ್ತ್ ಸ್ಟಡಿ 2' ಅಂತ. ಅದರ ಲೆಕ್ಕ ತೆಗೆದು 2017ರಲ್ಲಿ ಒಂದು ವರದಿ ಬಂತು. 82,737 ಹೆಂಗಸರು, 14 ವರ್ಷ, ಅವರಲ್ಲಿ 4,945 ಜನರಿಗೆ ರೊಸೇಶಿಯಾ. ಕುಡಿಯದವರಿಗಿಂತ ಕುಡಿಯುವವರಲ್ಲಿ ಸ್ವಲ್ಪ ಜಾಸ್ತಿ, ಕುಡಿತ ಏರಿದ ಹಾಗೆ ಅಪಾಯವೂ ಏರುತ್ತಾ ಹೋಗಿದೆ. ದಿನಕ್ಕೆ 30 ಗ್ರಾಂಗಿಂತ ಜಾಸ್ತಿ ಮದ್ಯಸಾರ ಸೇವಿಸುವವರಲ್ಲಿ ಒಂದೂವರೆ ಪಟ್ಟು. ಬಿಳಿ ವೈನ್ ಮತ್ತು ಬಟ್ಟಿ ಇಳಿಸಿದ ಮದ್ಯದ ಜೊತೆ ನಂಟು ಹೆಚ್ಚು ಸ್ಪಷ್ಟವಾಗಿ ಕಂಡಿತು. ಆದರೆ ಕಾಯಿಲೆ ಇದ್ದವರನ್ನು ಕೇಳಿದರೆ ಅವರು ಮೊದಲು ದೂರುವುದು ಕೆಂಪು ವೈನನ್ನು. ಶುರು ಮಾಡುವುದು ಬೇರೆ, ಇದ್ದದ್ದನ್ನು ಕೆಣಕುವುದು ಬೇರೆ.

30 ಗ್ರಾಂ ಅಂದರೆ ಎಷ್ಟು? ಗ್ರಾಂನಲ್ಲಿ ಯಾರೂ ಕುಡಿಯುವುದಿಲ್ಲವಲ್ಲ, ಹಾಗಾಗಿ ನಮ್ಮ ಅಳತೆಗೆ ತಂದು ನೋಡಿದೆ. ನಮ್ಮ ದೇಶದ ವಿಸ್ಕಿ, ರಮ್ಮಿನ ಬಾಟಲಿ ಮೇಲೆ 42.8 ಶೇಕಡಾ ಅಂತ ಬರೆದಿರುತ್ತದೆ. 90 ಮಿಲಿಲೀಟರಿನಲ್ಲಿ ಶುದ್ಧ ಮದ್ಯಸಾರ 38.5 ಮಿಲಿಲೀಟರ್. ಮದ್ಯಸಾರ ನೀರಿಗಿಂತ ಹಗುರ, 0.789ರಿಂದ ಗುಣಿಸಿದರೆ 30 ಗ್ರಾಂ ಮತ್ತು ಚೂರು. ಸರಿಯಾಗಿ ಒಂದು ನೈಂಟಿ! ದೊಡ್ಡ ಬಾಟಲಿ ಬಿಯರ್, 650 ಮಿಲಿಲೀಟರ್, 5 ಶೇಕಡಾದ್ದು ಅಂದುಕೊಂಡರೆ 26 ಗ್ರಾಂ ಹತ್ತಿರ. ಒಂದು ಕ್ವಾರ್ಟರ್ 60 ಗ್ರಾಂ. ಅಲ್ಲಿ ಅತಿ ಹೆಚ್ಚು ಕುಡಿಯುವವರ ಗುಂಪು ಅಂತ ಯಾರನ್ನು ಹಾಕಿದ್ದಾರೋ, ಅವರ ಅಳತೆ ಇಲ್ಲಿ 'ಸುಮ್ನೆ ಒಂದು ನೈಂಟಿ ಹಾಕ್ಕೊಂಡು ಮಲಗ್ತಾನೆ, ಗಲಾಟೆ ಇಲ್ಲ' ಅನ್ನಿಸಿಕೊಳ್ಳುವ ಮನುಷ್ಯನದ್ದು. ಈ ಲೆಕ್ಕ ಮಾಡಿದ ರಾತ್ರಿ ನನಗೆ ಸ್ವಲ್ಪ ಗಾಬರಿಯಾಯಿತು, ಮುಖದ ವಿಷಯಕ್ಕಲ್ಲ. ಆ ಅಧ್ಯಯನ ಬೇರೆ ದೇಶದ್ದು, ಹೆಂಗಸರದ್ದು, ಅದನ್ನು ತಂದು ಕಾರವಾರದ ಗಂಡಸಿನ ಮೂಗಿಗೆ ಅಂಟಿಸಲಾಗದು ಅಂತಲೂ ಬರೆದುಕೊಂಡೆ. ನನ್ನ ನೋಟ್‌ಬುಕ್ಕಂತೂ ಒಂದೇ ಮುಖದ್ದು.

ಆ ಇಬ್ಬರು ಹೆಂಗಸರ ಮೇಲಿನ ಸಿಟ್ಟು ಎಲ್ಲಿ ಹೋಯಿತು ಅಂತ ಹೇಳಬೇಕು. 2025ರ ಫೆಬ್ರವರಿಯಲ್ಲಿ ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಳ ಕಣಜ, 2017ರ ಪದ್ಮಶ್ರೀ. ಶಾಲೆಯಲ್ಲಿ ಮಕ್ಕಳಿಗೆ ಅವರ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು, ತಯಾರಿ ಮಾಡುವಾಗ ಮತ್ತೆ ನೆನಪಾಯಿತು, ಅವರು ಹಾಡಿಗೆ ಎಷ್ಟು ಹೆಸರಾಗಿದ್ದರೋ ತಮ್ಮೂರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತದ್ದಕ್ಕೂ ಅಷ್ಟೇ ಹೆಸರಾಗಿದ್ದರು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಆಮೇಲೆ ಕುಡಿತ ನಿಂತಿತಾ ಅಂತ ಯಾರೂ ಕೇಳಬೇಡಿ. ಈ ಕರಾವಳಿಯ ಹೆಂಗಸರು ಗಂಡಸರ ಮುಖ ಓದುವುದನ್ನು ಚಟಕ್ಕೆ ಕಲಿತದ್ದಲ್ಲ. ಗಂಡ ಬಾಗಿಲಿಗೆ ಬರುವ ಮೊದಲೇ ಇವತ್ತು ಮಕ್ಕಳನ್ನು ಪಕ್ಕದ ಮನೆಗೆ ಕಳಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡಬೇಕಾದವರಿಗೆ ಕಣ್ಣಿನ ಕೆಂಪು, ಮೂಗಿನ ಕೆಂಪು ಅಕ್ಷರದ ಹಾಗೆ. ಅವರು ನನ್ನ ಮುಖವನ್ನು ತಪ್ಪಾಗಿ ಓದಿದರು, ನಿಜ. ಓದಲು ಕಲಿತದ್ದು ತಪ್ಪು ಅಂತ ಹೇಗೆ ಹೇಳಲಿ.

ಆದರೆ ಹಾಗೆ ತಪ್ಪು ಓದಿಸಿಕೊಂಡೇ ಹೋದವರು ನಮ್ಮ ಮನೆಯಲ್ಲೇ ಒಬ್ಬರಿದ್ದರು.

ನಮ್ಮ ದೊಡ್ಡಪ್ಪನ ಮೂಗು. ಶಿರಸಿ ಪೇಟೆಯಿಂದ ಯಾಣದ ದಾರಿಯಲ್ಲಿ ನಮ್ಮ ಹಳ್ಳಿ. ಅಲ್ಲಿ ಹುಡುಗರೆಲ್ಲ ಅವರನ್ನು ಬೆನ್ನ ಹಿಂದೆ ಸಾರಾಯಿ ಮೂಗು ಅನ್ನುತ್ತಿದ್ದರು. ದಪ್ಪಗೆ ಉಬ್ಬಿ, ಗಂಟು ಗಂಟಾಗಿ, ಮೇಲೆಲ್ಲ ತೂತು ತೂತು, ಸೀಬೆಹಣ್ಣು ಕೊಳೆತ ಹಾಗೆ. ನಾನೂ ಅಂದಿದ್ದೇನೆ. ಅವರು ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ. ದಿನಕ್ಕೆ ಐದಾರು ಸಲ ಬಿಸಿ ಬಿಸಿ ಕೊತ್ತಂಬರಿ ಕಷಾಯ. ವರ್ಷಕ್ಕೆ ಎರಡು ತಿಂಗಳು ಅಡಿಕೆ ಬೇಯಿಸುವ ಹಂಡೆಯ ಮುಂದೆ, ಅದು ಮುಗಿದರೆ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ, ಜೋನಿ ಬೆಲ್ಲದ ಪಾಕ ನೋಡುವುದರಲ್ಲಿ ಅವರ ಕೈ ಬಿಟ್ಟರೆ ಇಲ್ಲ. ಮುಖಕ್ಕೆ ಹೊಡೆಯುವ ಹಬೆಯಲ್ಲಿ ತಾಸುಗಟ್ಟಲೆ ನಿಂತಿರುತ್ತಿದ್ದರು. ಅವರ ಮೂಗನ್ನು ಹಾಗೆ ಮಾಡಿದ್ದು ಆ ಬಿಸಿಯೇ ಅಂತ ನಾನು ಹೇಳುವುದಿಲ್ಲ, ಸುಮ್ಮನಿದ್ದದ್ದನ್ನು ಕೆಣಕಿರಬೇಕು. ಮಗಳಿಗೆ ಬಂದ ಒಂದು ಒಳ್ಳೆ ಸಂಬಂಧ ತಪ್ಪಿತು. ಯಾಕೆ ಅಂತ ಗಂಡಿನ ಕಡೆಯವರು ಬಾಯಿಬಿಟ್ಟು ಹೇಳಲಿಲ್ಲ, ಮೂಗು ನೋಡಿ ಹೋದರು ಅಷ್ಟೆ.

ಡಾಕ್ಟರ ಹತ್ತಿರ ಎರಡನೇ ಸಲ ಹೋದಾಗ ಈ ಮೂಗಿನ ಕಥೆ ಹೇಳಿದೆ. ರೈನೋಫೈಮಾ ಅಂದರು. ರೊಸೇಶಿಯಾ ಮುಂದುವರಿದಾಗ ಮೂಗಿನ ಎಣ್ಣೆಗ್ರಂಥಿಗಳು, ಅಂಗಾಂಶಗಳು ಬೆಳೆದು ಹಾಗಾಗುತ್ತದೆ, ಗಂಡಸರಿಗೇ ಜಾಸ್ತಿ. ಕುಡುಕರ ಮೂಗು ಅಂತ ಲೋಕವೆಲ್ಲ ಕರೆದಿದೆ, ಆದರೆ ಅದಕ್ಕೆ ಕುಡಿತ ಬೇಕಾಗಿಲ್ಲ. ಅವತ್ತು ರಾತ್ರಿ ಹುಡುಕುತ್ತಾ ಒಂದು ಚಿತ್ರ ಸಿಕ್ಕಿತು. ಸುಮಾರು 1490ರಲ್ಲಿ ಇಟಲಿಯ ಘಿರ್ಲಾಂದಾಯೊ ಬರೆದದ್ದು, ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಒಬ್ಬ ಮುದುಕ, ಅವನ ತೆಕ್ಕೆಯಲ್ಲಿ ಒಬ್ಬ ಸಣ್ಣ ಹುಡುಗ. ಮುದುಕನ ಮೂಗು ನಮ್ಮ ದೊಡ್ಡಪ್ಪನದ್ದೇ, ಗಂಟು ಗಂಟು, ಒಂದೂ ಬಿಡದೆ ಬರೆದಿದ್ದಾನೆ. ಹುಡುಗ ಮುದುಕನ ಎದೆಯ ಮೇಲೆ ಕೈ ಇಟ್ಟು ಅದೇ ಮೂಗನ್ನು ನೋಡುತ್ತಿದ್ದಾನೆ, ಹೆದರಿಕೆ ಇಲ್ಲ, ಅಸಹ್ಯ ಇಲ್ಲ. ನಾನು ಬಹಳ ಹೊತ್ತು ಫೋನ್ ಕೆಳಗಿಡಲಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ದೊಡ್ಡಪ್ಪ ಹೋಗಿ ಹದಿನೈದು ವರ್ಷವಾಯಿತು, ದೊಡ್ಡಮ್ಮ ಇದ್ದಾಳೆ. ಕಣ್ಣು ಮಂಜು, ಕಿವಿ ಚುರುಕು. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ, ಕಾಯಿಲೆಯ ಹೆಸರು, ಮೂಗಿನದ್ದು, ಕುಡಿತಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ ಅಂತ ಈಗ ಡಾಕ್ಟರೇ ಹೇಳಿದ್ದಾರೆ ಅಂತ. ಏನೋ ದೊಡ್ಡ ಸುದ್ದಿ ತಂದವನ ಹಾಗೆ ಹೇಳಿದೆ.

"ನಂಗೆ ಗೊತ್ತಿಲ್ದೇ ಇರ್ತಾ?" ಅಂದಳು. "ಬಾಯಿ ವಾಸ್ನೆ ಯಾರಿಗೆ ಮೊದ್ಲು ಗೊತ್ತಾಗ್ತು ಹೇಳು."

ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಕಷಾಯ ತಂದಿಟ್ಟಳು. ಹೊಗೆಯಾಡುತ್ತಿತ್ತು. ನಾನು ಮುಟ್ಟಲಿಲ್ಲ, ಅಡಿಕೆ ರೇಟು, ಮಂಗನ ಕಾಟ, ಅದು ಇದು ಮಾತಾಡಿದೆವು. ಸ್ವಲ್ಪ ಹೊತ್ತು ಬಿಟ್ಟು ದೊಡ್ಡಮ್ಮ ಮುಖ ಹತ್ತಿರ ತಂದು, ಕಣ್ಣು ಕಿರಿದು ಮಾಡಿ ನನ್ನ ಕೆನ್ನೆ ನೋಡಿದಳು.

"ನೀ ಕುಡಿತ್ಯನಾ?"

ಚಾ ಕಾಫಿ ಸೇರಿಸಿ ಕೇಳಿದ್ದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. "ಹ್ಞೂಂ" ಅಂದೆ. "ಮೊದ್ಲು ವಾರ ವಾರ ಇತ್ತು. ಈಗ ತಿಂಗಳಿಗೆ ಒಂದ್ಸಲ, ಎರಡ್ಸಲ. ಒಂದು ಬಿಯರ್."

ಅವಳು ಏನೂ ಅನ್ನಲಿಲ್ಲ. ಲೋಟ ಮುಟ್ಟಿ ನೋಡಿ, "ಪೂರಾ ಆರಿ ಹೋತು" ಅಂತ ಬಿಸಿ ಮಾಡಲು ಎತ್ತಿಕೊಂಡಳು. ನಾನು ಅವಳ ಕೈ ಹಿಡಿದು ಲೋಟ ತೆಗೆದುಕೊಂಡೆ, ಹಾಗೇ ಕುಡಿದೆ.